ನೆಲೆಯಿಲ್ಲದ ಅಳಲು: ಪಿರಿಯಾಪಟ್ಟಣ ಸೀಮೆಯ ನೆನಪುಗಳು ಮತ್ತು ಜಪಾನಿನ ಸೇಡಿನ ದೆವ್ವದ ಚಿತ್ರಗಳು

ದೆವ್ವದ ಕಥೆಗಳನ್ನು ನಮ್ಮ ಜಾನಪದ ಸಂಗ್ರಹಕಾರರು ಬಹುಕಾಲ ‘ನಂಬಿಕೆಗಳು’ ಎಂಬ ಒಂದೇ ಶೀರ್ಷಿಕೆಯ ಕೆಳಗೆ ಸೇರಿಸುತ್ತ ಬಂದಿದ್ದಾರೆ. ಶಕುನ, ಕನಸು, ದೃಷ್ಟಿ, ಮಾಟ ಇವುಗಳ ಪಟ್ಟಿಯಲ್ಲಿ ದೆವ್ವವೂ ಒಂದು. ಹೀಗೆ ಪಟ್ಟಿ ಮಾಡುವ ಭರದಲ್ಲಿ ಮುಖ್ಯವಾದ ಒಂದು ಪ್ರಶ್ನೆ ಉಳಿದುಹೋಗುತ್ತದೆ. ಸತ್ತವರೆಲ್ಲರೂ ದೆವ್ವವಾಗುವುದಿಲ್ಲ. ಹಾಗಾದರೆ ಯಾರು ಆಗುತ್ತಾರೆ, ಯಾರ ಮನೆಯನ್ನು ಕಾಡುತ್ತಾರೆ, ಯಾವಾಗ ಕಾಡುವುದನ್ನು ನಿಲ್ಲಿಸುತ್ತಾರೆ? ಈ ಪ್ರಶ್ನೆಯನ್ನು ಕೇಳಿದೊಡನೆ ದೆವ್ವದ ಕಥೆಯು ನಂಬಿಕೆಯ ವಿಷಯವಾಗಿ ಮಾತ್ರ ಉಳಿಯದೆ ಚರಿತ್ರೆಯ ವಿಷಯವೂ ಆಗುತ್ತದೆ.

ಈ ಲೇಖನಕ್ಕೆ ಪ್ರೇರಣೆ ದೊರೆತದ್ದು ಅನಿರೀಕ್ಷಿತವಾದ ಕಡೆಯಿಂದ. ಪಿರಿಯಾಪಟ್ಟಣ ಮತ್ತು ಹುಣಸೂರು ಭಾಗದ ಹಳ್ಳಿಗಳಲ್ಲಿ ಕಥೆಗಳನ್ನು ಕೇಳುತ್ತಿದ್ದಾಗ ಹಿರಿಯರು ಹೇಳುವ ದೆವ್ವಕ್ಕೂ ಯುವಕರು ಹೇಳುವ ದೆವ್ವಕ್ಕೂ ವ್ಯತ್ಯಾಸವಿರುವುದು ಗಮನಕ್ಕೆ ಬಂದಿತು. ಹಿರಿಯರ ದೆವ್ವಕ್ಕೆ ಊರಿದೆ, ಕುಲವಿದೆ, ಬೇಡಿಕೆಯಿದೆ. ಯುವಕರ ದೆವ್ವ ಮುಖದ ಮೇಲೆ ಕೂದಲನ್ನು ಇಳಿಬಿಟ್ಟುಕೊಂಡು ಬಾವಿಯಿಂದ, ಟೀವಿಯಿಂದ, ಅಟ್ಟದಿಂದ ತೆವಳಿಕೊಂಡು ಬರುತ್ತದೆ; ಅದು ಏನನ್ನೂ ಕೇಳುವುದಿಲ್ಲ. ಈ ಎರಡನೆಯ ರೂಪವು ಜಪಾನಿನ ಚಲನಚಿತ್ರಗಳಿಂದ ಮತ್ತು ಅವುಗಳ ಅಮೆರಿಕನ್ ಮರುನಿರ್ಮಾಣಗಳಿಂದ ನಮ್ಮಲ್ಲಿಗೆ ಬಂದುದೆಂಬುದು ಸ್ಪಷ್ಟ. ಆದರೆ ಬಂದದ್ದು ರೂಪವೊಂದೇ ಅಲ್ಲ, ಸತ್ತವರೊಡನೆ ನಾವು ಇಟ್ಟುಕೊಂಡಿದ್ದ ಸಂಬಂಧದ ಬಗೆಯೇ ಬದಲಾಗುತ್ತಿದೆ ಎಂಬುದು ಇಲ್ಲಿನ ವಾದ. ಇದನ್ನು ಪಿರಿಯಾಪಟ್ಟಣ ಸೀಮೆಗೂ ಅದರ ನೆರೆಯ ತಲಕಾಡು, ಮೈಸೂರುಗಳಿಗೂ ಸೇರಿದ ಮೂರು ಚಾರಿತ್ರಿಕ ಸಾವುಗಳ ಮೂಲಕ ಪರಿಶೀಲಿಸಿ, ಅನಂತರ ಜಪಾನಿನ ಪರಂಪರೆಯೊಡನೆ ಹೋಲಿಸಿ ನೋಡಲು ಪ್ರಯತ್ನಿಸಲಾಗಿದೆ.

1. ನೆಲೆ ಎಂಬ ಪರಿಕಲ್ಪನೆ

ಹಳೆ ಮೈಸೂರು ಪ್ರದೇಶದ ಆಡುಮಾತಿನಲ್ಲಿ ದೆವ್ವ, ಗಾಳಿ, ಪೀಡೆ, ಮೋಹಿನಿ ಮೊದಲಾದ ಹೆಸರುಗಳು ಬಳಕೆಯಲ್ಲಿವೆ. ‘ಗಾಳಿ ಮೆಟ್ಟಿಕೊಂಡಿದೆ’, ‘ಮೈಮೇಲೆ ಬಂದಿದೆ’ ಎಂಬ ಮಾತುಗಳು ಸಾಮಾನ್ಯ. ಗಾಳಿ ಎಂಬ ಹೆಸರೇ ಇಲ್ಲಿ ಅರ್ಥಪೂರ್ಣ. ನಿಲ್ಲಲು ಜಾಗವಿಲ್ಲದೆ ಅಲೆಯುವುದು ಗಾಳಿ. ಅದಕ್ಕೆ ಎದುರಾದ ಪದ ‘ನೆಲೆ’. ದೇವರು ನೆಲೆಗೊಳ್ಳುತ್ತದೆ, ಹಿರಿಯರು ನೆಲೆ ಸೇರುತ್ತಾರೆ. ದೆವ್ವವನ್ನು ಕುರಿತ ನಮ್ಮ ಆಚರಣೆಗಳ ಉದ್ದೇಶವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಗಾಳಿಯಾಗಿ ಅಲೆಯುತ್ತಿರುವುದಕ್ಕೆ ನೆಲೆಯನ್ನು ಒದಗಿಸುವುದು.

ಇದಕ್ಕೆ ಮನೆಯೊಳಗಿನ ಆಚರಣೆಗಳೇ ಸಾಕ್ಷಿ. ಮಹಾಲಯ ಅಮಾವಾಸ್ಯೆಯ ಸುಮಾರಿನಲ್ಲಿ ನಡೆಯುವ ಹಿರಿಯರ ಹಬ್ಬದಲ್ಲಿ ಸತ್ತವರಿಗೆ ಅವರು ಇಷ್ಟಪಡುತ್ತಿದ್ದ ಅಡಿಗೆ, ಹೊಸ ಬಟ್ಟೆ, ಎಲೆಯಡಿಕೆಗಳನ್ನಿಟ್ಟು ಎಡೆ ಹಾಕುತ್ತಾರೆ. ಗಂಡನಿಗಿಂತ ಮೊದಲು ತೀರಿಕೊಂಡ ಹೆಂಗಸಿಗೆ ಸೀರೆ, ಬಳೆ, ಅರಿಸಿನ, ಕುಂಕುಮಗಳನ್ನು ಇಡುವುದುಂಟು. ಇನ್ನೂ ಮಹತ್ವದ ಪದ್ಧತಿಯೆಂದರೆ, ಹೆಂಡತಿ ಸತ್ತ ಮೇಲೆ ಗಂಡ ಮರುಮದುವೆಯಾದಾಗ ಹೊಸ ಹೆಂಡತಿಯು ಸತ್ತವಳ ಹೆಸರಿನ ಚಿಕ್ಕದೊಂದು ಬಿಲ್ಲೆಯನ್ನು ಕೊರಳಲ್ಲಿ ಧರಿಸುವುದು. ಸತ್ತ ಸವತಿಯು ಕಾಡಬಹುದೆಂಬ ಭಯ ಇದರ ಹಿಂದಿದೆ. ಆದರೆ ಆ ಭಯಕ್ಕೆ ಸಮುದಾಯ ಕಂಡುಕೊಂಡ ಉತ್ತರ ಅವಳನ್ನು ಹೊರಗೆ ಅಟ್ಟುವುದಲ್ಲ. ಮನೆಯಲ್ಲಿ, ಅದೂ ಹೊಸ ಹೆಂಡತಿಯ ಕೊರಳಲ್ಲೇ, ಅವಳ ಪಾಲನ್ನು ಒಪ್ಪಿಕೊಳ್ಳುವುದು. ಮನೆಯೊಳಗಿನ ದೆವ್ವವು ಇಲ್ಲಿ ಮನೆಯ ಸದಸ್ಯೆ.

ಅನ್ಯಾಯವಾಗಿ ಸತ್ತ ಹೆಣ್ಣು ದೇವತೆಯಾಗುವ ಕಥನಗಳಲ್ಲಿ ಮಾರಿಯ ಕಥೆ ಪ್ರಸಿದ್ಧವಾದುದು. ಹುಟ್ಟನ್ನು ಮರೆಮಾಚಿದ ಗಂಡನಿಂದ ಮೋಸಹೋದ ಹೆಣ್ಣೊಬ್ಬಳು ಸತ್ಯ ತಿಳಿದು ಬೆಂಕಿಗೆ ಆಹುತಿಯಾಗಿ ಮಾರಿಯಾಗುತ್ತಾಳೆ. ಮೋಸ ಮಾಡಿದವನು ಕೋಣನಾಗಿ ಅವಳಿಗೆ ಬಲಿಯಾಗುತ್ತಾನೆ. ಹೆನ್ರಿ ವೈಟ್‌ಹೆಡ್ ಅವರು 1916ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಗ್ರಾಮದೇವತೆಗಳನ್ನು ಕುರಿತ ತಮ್ಮ ಗ್ರಂಥದಲ್ಲಿ ಇದನ್ನು ದಾಖಲಿಸಿದ್ದಾರೆ. ಕೆಳಜಾತಿಯ ಪುರುಷನನ್ನೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವ ಈ ಕಥೆಯ ಜಾತಿರಾಜಕಾರಣವನ್ನು ವಿಮರ್ಶೆಯಿಲ್ಲದೆ ಸ್ವೀಕರಿಸುವಂತಿಲ್ಲ. ಆದರೂ ಅದರ ರಚನೆಯಲ್ಲಿರುವ ಒಂದು ಅಂಶ ನಮ್ಮ ಚರ್ಚೆಗೆ ಅಗತ್ಯ. ಮನೆಯೊಳಗೆ ನಡೆದ ಮೋಸವು ಊರಿನ ದೇವತೆಯಾಗಿ, ವರ್ಷಕ್ಕೊಮ್ಮೆ ಊರೆಲ್ಲ ನೆನೆಯಲೇಬೇಕಾದ ಸಂಗತಿಯಾಗುತ್ತದೆ. ಪಿರಿಯಾಪಟ್ಟಣದ ಊರದೇವತೆ ಮಸಣಿಕಮ್ಮನ ಹೆಸರಿನಲ್ಲಿಯೂ ಮಸಣ ಎಂಬ ಮಾತು ಉಳಿದಿರುವುದನ್ನು ಇಲ್ಲಿ ನೆನೆಯಬಹುದು. ಊರಿನ ಹೊರಗಿರಬೇಕಾದ ಮಸಣ ಊರನ್ನು ಕಾಯುವ ತಾಯಿಯ ಹೆಸರಿನೊಳಗೆ ಬಂದು ಕುಳಿತಿದೆ.

2. ಬೆಳತೂರಿನ ಕಲ್ಲು, 1057

ನಮ್ಮ ಸೀಮೆಯಲ್ಲಿ ಅಕಾಲಮರಣದ ಅತ್ಯಂತ ವಿವರವಾದ ಹಳೆಯ ದಾಖಲೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರು ಶಾಸನ. ಎಪಿಗ್ರಾಫಿಯಾ ಕರ್ನಾಟಿಕಾದ ಮೂಲಕ ವಿದ್ವಾಂಸರಿಗೆ ಪರಿಚಿತವಾದ ಈ ಶಾಸನದ ಕಾಲ ಕ್ರಿ.ಶ. 1057, ಆಗ ಈ ಭಾಗವು ಚೋಳರ ಆಳ್ವಿಕೆಯಲ್ಲಿತ್ತು. ನುಗುನಾಡಿನ ಒಡೆಯ ರವಿಗನ ಮಗಳು ದೇಕಬ್ಬೆ. ಅವಳ ಗಂಡ ನವಿಲೆನಾಡಿನ ಪ್ರಭು ಏಚ. ದಾಯಾದಿಯೊಬ್ಬನ ಸಾವಿಗೆ ಕಾರಣನಾದ ಏಚನನ್ನು ರಾಜಾಜ್ಞೆಯಂತೆ ತಲಕಾಡಿನಲ್ಲಿ ಕೊಲ್ಲಲಾಯಿತು. ಸುದ್ದಿ ತಿಳಿದ ದೇಕಬ್ಬೆ ಬೆಂಕಿಯನ್ನು ಹೊಗಲು ನಿರ್ಧರಿಸಿದಳು. ತಂದೆತಾಯಿ ಮತ್ತು ಬಂಧುಗಳು ತಡೆದರೂ ಅವಳು ನಿಲ್ಲಲಿಲ್ಲ.

ಶಾಸನವನ್ನು ಸಹಗಮನದ ವೈಭವೀಕರಣವಾಗಿ ಓದುವುದು ಸುಲಭ. ಆದರೆ ತಡೆದವರ ಮಾತೂ ಅದರಲ್ಲಿ ದಾಖಲಾಗಿರುವುದು ಗಮನಾರ್ಹ. ಒಂದು ಕುಟುಂಬದ ಸಂಕಟ, ರಾಜಶಿಕ್ಷೆಯ ಕಾಠಿಣ್ಯ, ಮಗಳನ್ನು ಉಳಿಸಿಕೊಳ್ಳಲಾಗದ ತವರಿನ ಅಸಹಾಯಕತೆ ಎಲ್ಲವೂ ಕಲ್ಲಿನ ಮೇಲೆ ಉಳಿದಿವೆ. ದೇಕಬ್ಬೆಗೆ ಹೆಸರಿದೆ, ತಂದೆಯ ಹೆಸರಿದೆ, ನಾಡಿನ ಹೆಸರಿದೆ, ವರ್ಷವಿದೆ. ಮೈಸೂರು ಜಿಲ್ಲೆಯ ಊರೂರುಗಳಲ್ಲಿ ಕಾಣಸಿಗುವ, ಬಳೆ ತೊಟ್ಟ ಕೈಯನ್ನು ಮೇಲೆತ್ತಿ ನಿಂತ ಮಾಸ್ತಿಕಲ್ಲುಗಳಲ್ಲಿ ಬಹುಪಾಲಿಗೆ ಈ ಭಾಗ್ಯವಿಲ್ಲ. ಅಲ್ಲಿ ಹೆಸರು ಅಳಿದಿದೆ, ‘ಮಾಸ್ತಮ್ಮ’ ಎಂಬ ಸಾಮಾನ್ಯನಾಮ ಉಳಿದಿದೆ. ಹೆಸರು ಅಳಿದರೂ ಅರಿಸಿನ ಕುಂಕುಮ ತಪ್ಪಿಲ್ಲ. ಕಲ್ಲು ನಿಂತ ಕಡೆ ದೇವತೆ ಇದ್ದಾಳೆ. ಸಾವಿಗೆ ನೆಲೆ ಒದಗಿದ ಮೊದಲ ಬಗೆ ಇದು: ಶಿಲೆ.

3. ಅರಮನೆಯೊಳಗಿನ ಪ್ರತಿಮೆ

ಏಚನನ್ನು ಕೊಂದ ತಲಕಾಡೇ ಐದೂವರೆ ಶತಮಾನಗಳ ಅನಂತರ ಇನ್ನೊಂದು ಸಾವಿನ ಕಥೆಗೆ ರಂಗಸ್ಥಳವಾಯಿತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿಯಿಂದ ವಶಪಡಿಸಿಕೊಂಡರು. ಇತಿಹಾಸಕಾರರು ಈ ಪ್ರತಿನಿಧಿಯನ್ನು ತಿರುಮಲನೆಂದು ಗುರುತಿಸುತ್ತಾರೆ. ಜನಪ್ರಿಯ ಐತಿಹ್ಯದಲ್ಲಿ ಅವನು ಶ್ರೀರಂಗರಾಯ. ಐತಿಹ್ಯದ ಪ್ರಕಾರ ಅವನು ವ್ಯಾಧಿಯಿಂದ ತಲಕಾಡಿನಲ್ಲಿ ತೀರಿಕೊಂಡನು. ಅವನ ಪತ್ನಿ ಅಲಮೇಲಮ್ಮನ ಬಳಿಯಿದ್ದ ಆಭರಣಗಳನ್ನು ಶ್ರೀರಂಗಪಟ್ಟಣದ ರಂಗನಾಯಕಿ ಅಮ್ಮನವರಿಗೆ ಮಂಗಳವಾರ ಮತ್ತು ಶುಕ್ರವಾರಗಳಂದು ತೊಡಿಸುವ ರೂಢಿಯಿತ್ತು. ಅವುಗಳನ್ನು ಪಡೆಯಲು ರಾಜ ಒಡೆಯರ ಕಡೆಯವರು ಬಂದಾಗ ಅವಳು ಆಭರಣಗಳೊಡನೆ ಮಾಲಂಗಿಯ ಬಳಿ ಕಾವೇರಿಗೆ ಹಾರಿದಳು. ಹಾರುವ ಮುನ್ನ ತಲಕಾಡು ಮರಳಿನಲ್ಲಿ ಮುಚ್ಚಿಹೋಗುವಂತೆ, ಮಾಲಂಗಿ ಮಡುವಾಗುವಂತೆ, ಮೈಸೂರು ದೊರೆಗಳಿಗೆ ಸಂತಾನವಿಲ್ಲದಂತೆ ಶಪಿಸಿದಳು.

ತಲಕಾಡಿನ ಮರಳಿಗೆ ಭೂವಿಜ್ಞಾನದ ವಿವರಣೆಗಳಿವೆ. ನದಿಯ ತಿರುವು, ಹದಿನಾಲ್ಕನೆಯ ಶತಮಾನದಲ್ಲಿ ಮಾಧವಮಂತ್ರಿ ಕಟ್ಟಿಸಿದನೆನ್ನಲಾದ ಅಣೆಕಟ್ಟೆಯಿಂದ ಬದಲಾದ ಹರಿವು, ಬೇಸಿಗೆಯಲ್ಲಿ ಬಯಲಾದ ಮರಳನ್ನು ಒತ್ತರಿಸುವ ಗಾಳಿ ಇವೆಲ್ಲ ಕಾರಣಗಳೆಂದು ಹೇಳಲಾಗಿದೆ. ಶಾಪದ ಮೂರನೆಯ ಭಾಗವನ್ನು ವಂಶಾವಳಿಯೊಡನೆ ಹೊಂದಿಸುವಾಗಲೂ ಎಚ್ಚರ ಬೇಕು. ರಾಜ ಒಡೆಯರು 1617ರಲ್ಲಿ ತೀರಿಕೊಂಡಾಗ ಮೊಮ್ಮಗ ಚಾಮರಾಜರು ಪಟ್ಟಕ್ಕೆ ಬಂದರು. ಮುಮ್ಮಡಿ ಕೃಷ್ಣರಾಜ ಒಡೆಯರು ಹತ್ತನೆಯ ಚಾಮರಾಜರನ್ನು ದತ್ತು ಪಡೆದರು. ನಾಲ್ವಡಿಯವರ ಅನಂತರ 1940ರಲ್ಲಿ ಅವರ ತಮ್ಮನ ಮಗ ಜಯಚಾಮರಾಜರು ಪಟ್ಟವೇರಿದರು. ಶ್ರೀಕಂಠದತ್ತ ನರಸಿಂಹರಾಜ ಒಡೆಯರು 2013ರಲ್ಲಿ ನಿಧನರಾದ ಮೇಲೆ 2015ರಲ್ಲಿ ಯದುವೀರರನ್ನು ದತ್ತು ಸ್ವೀಕರಿಸಲಾಯಿತು. ನಡುವೆ ಔರಸಪುತ್ರರು ಜನಿಸಿದ ಪೀಳಿಗೆಗಳೂ ಇರುವುದರಿಂದ ‘ಒಂದು ತಲೆಮಾರು ಬಿಟ್ಟು ಒಂದು ತಲೆಮಾರು’ ಎಂಬ ತಿದ್ದುಪಡಿ ಐತಿಹ್ಯದೊಳಕ್ಕೆ ಸೇರಿಕೊಂಡಿದೆ. 2017ರ ಡಿಸೆಂಬರಿನಲ್ಲಿ ಯದುವೀರರಿಗೆ ಗಂಡುಮಗು ಜನಿಸಿದಾಗ ಪತ್ರಿಕೆಗಳು ಅಲಮೇಲಮ್ಮನನ್ನು ಮತ್ತೆ ನೆನೆದವು. ಶಾಪವು ನಿಜವೇ ಎಂಬ ಪ್ರಶ್ನೆಗಿಂತ, ನಾನೂರು ವರ್ಷ ಅದನ್ನು ಮರೆಯಲು ಯಾರಿಗೂ ಸಾಧ್ಯವಾಗಲಿಲ್ಲ ಎಂಬ ಸಂಗತಿಯೇ ಚರಿತ್ರೆಯ ದೃಷ್ಟಿಯಿಂದ ದೊಡ್ಡದು.

ಇನ್ನೂ ಮುಖ್ಯವಾದುದು, ಗೆದ್ದವರ ಮನೆ ಈ ಶಾಪದೊಡನೆ ನಡೆದುಕೊಂಡ ರೀತಿ. ಅಲಮೇಲಮ್ಮನ ಪ್ರತಿಮೆಯನ್ನು ಮಾಡಿಸಿ ಅರಮನೆಯೊಳಗೇ ಇರಿಸಿ, ನವರಾತ್ರಿಯ ಕಾಲದಲ್ಲಿ ಪೂಜಿಸುವ ಸಂಪ್ರದಾಯ ಬೆಳೆಯಿತು. ಶ್ರೀರಂಗಪಟ್ಟಣದ ವಿಜಯದ ನೆನಪಿಗೆ 1610ರಲ್ಲಿ ರಾಜ ಒಡೆಯರು ಆರಂಭಿಸಿದ ನವರಾತ್ರಿಯ ಉತ್ಸವದಲ್ಲೇ, ಆ ವಿಜಯದಿಂದ ನೊಂದವಳಿಗೂ ಪಾಲು ದೊರೆಯಿತು. ಹೊರಗೆ ಅಂಬಾರಿ, ಒಳಗೆ ಅಲಮೇಲಮ್ಮ. ತಾನು ಕಾಡಬೇಕಾದ ಮನೆಯಲ್ಲೇ ಅವಳಿಗೆ ಪೀಠ ಸಿಕ್ಕಿತು. ಸಾವಿಗೆ ನೆಲೆ ಒದಗಿದ ಎರಡನೆಯ ಬಗೆ ಇದು: ಪ್ರತಿಮೆ. ಕೊರಳ ಬಿಲ್ಲೆಯಾಗಿ ಬಡವರ ಮನೆಯಲ್ಲಿದ್ದ ತರ್ಕವೇ ಅರಮನೆಯಲ್ಲಿ ಪ್ರತಿಮೆಯಾಯಿತು ಎನ್ನಬಹುದು.

4. ಪಿರಿಯಾಪಟ್ಟಣ, 1644: ಹೆಸರಿಲ್ಲದವರು

ಮೂರನೆಯ ಪ್ರಸಂಗ ಪಿರಿಯಾಪಟ್ಟಣದ್ದು. ಹಿಂದೆ ಸಿಂಗಪಟ್ಟಣವೆಂದಿದ್ದ ಊರನ್ನು ಚೆಂಗಾಳ್ವ ಅರಸ ಪಿರಿಯರಾಜನು ಹೊಸದಾಗಿ ಕಟ್ಟಿಸಿ ತನ್ನ ಹೆಸರನ್ನಿಟ್ಟನೆಂದು ತಿಳಿದುಬರುತ್ತದೆ. ಈ ವಂಶದ ಕೊನೆಯ ಅರಸ ವೀರರಾಜ. ಮೈಸೂರಿನ ಕಂಠೀರವ ನರಸರಾಜ ಒಡೆಯರು 1644ರಲ್ಲಿ ಕೋಟೆಯನ್ನು ಗೆದ್ದರು. ಸೋಲು ಖಚಿತವಾದಾಗ ವೀರರಾಜನು ತನ್ನ ಹೆಂಡಿರು ಮಕ್ಕಳನ್ನು ಕೊಂದು, ಕತ್ತಿ ಹಿಡಿದು ಹೋರಾಡುತ್ತ ಮಡಿದನೆಂದು ಬಿ. ಎಲ್. ರೈಸ್ ಮೊದಲಾದವರ ಬರಹಗಳಲ್ಲಿ ದಾಖಲಾಗಿದೆ. ‘ಪಿರಿಯಾಪಟ್ಟಣದ ಕಾಳಗ’ ಎಂಬ ಜನಪದ ಕಥನಕಾವ್ಯವು ಈ ಪತನವನ್ನು ನಮ್ಮ ಸೀಮೆಯ ನೆನಪಿನಲ್ಲಿ ಉಳಿಸಿದೆ. ಸಾವಿಗೆ ನೆಲೆ ಒದಗಿದ ಮೂರನೆಯ ಬಗೆ ಇದು: ಹಾಡು.

ಆದರೆ ಯಾರ ಸಾವಿಗೆ? ‘ಹೆಂಡಿರು ಮಕ್ಕಳನ್ನು ಕೊಂದು’ ಎಂಬ ಮಾತು ಚರಿತ್ರೆಯ ಪುಸ್ತಕಗಳಲ್ಲಿ ಅರ್ಧ ವಾಕ್ಯವಾಗಿ ಬಂದು ಹೋಗುತ್ತದೆ. ವಾಕ್ಯದ ಕರ್ತೃ ಅರಸ, ವಾಕ್ಯದ ಗುರಿ ಅವನ ವೀರಮರಣ. ಕೊಲ್ಲಲ್ಪಟ್ಟವರು ಎಷ್ಟು ಮಂದಿ, ಅವರ ಹೆಸರೇನು, ಅವರು ಒಪ್ಪಿದರೇ, ಯಾರಾದರೂ ದೇಕಬ್ಬೆಯ ಬಂಧುಗಳಂತೆ ತಡೆದರೇ ಎಂಬ ಪ್ರಶ್ನೆಗಳಿಗೆ ಆ ಅರ್ಧ ವಾಕ್ಯದಲ್ಲಿ ಸ್ಥಳವಿಲ್ಲ. ಅಲಮೇಲಮ್ಮನನ್ನು ಅಟ್ಟಿದವನು ಶತ್ರು. ಆದ್ದರಿಂದ ಅವಳ ಅಳಲು ಶಾಪವಾಗಿ ಶತ್ರುವಿನ ಮನೆಯನ್ನು ಹುಡುಕಿಕೊಂಡು ಹೋಯಿತು. ಪಿರಿಯಾಪಟ್ಟಣದ ಅರಮನೆಯ ಹೆಂಗಸರನ್ನು ಕೊಂದದ್ದು ಮನೆಯ ಯಜಮಾನನ ಕೈ. ಅವರ ಅಳಲು ಯಾರ ಮನೆಗೆ ಹೋಗಬೇಕು? ಕಾಡಬೇಕಾದ ಮನೆಯೇ ಅವರೊಡನೆ ಅಳಿದುಹೋಯಿತು. ಶಪಿಸಲು ಎದುರಿಗೆ ಯಾರೂ ಇರಲಿಲ್ಲ. ಶಾಪವನ್ನು ಹೊತ್ತು ನಡುಗಲು, ನಡುಗಿ ಪ್ರತಿಮೆ ಮಾಡಿಸಲು ಯಾರೂ ಉಳಿಯಲಿಲ್ಲ.

ಇಲ್ಲಿ ಒಂದು ಸೂತ್ರ ಹೊಳೆಯುತ್ತದೆ. ಸೇಡಿನ ದೆವ್ವವೆಂಬುದು ದೂರು. ದೂರು ಕೇಳುವವನಿದ್ದಾಗ ಅದು ದೇವತೆಯಾಗಿ ಮಾಗುತ್ತದೆ. ಕೇಳುವವನಿಲ್ಲದಾಗ ಮೌನವಾಗುತ್ತದೆ ಅಥವಾ ಗಾಳಿಯಾಗಿ ಅಲೆಯುತ್ತದೆ. ಪಿರಿಯಾಪಟ್ಟಣದ ಅಂತಃಪುರದ್ದು ಮೌನವಾದ ದೂರು. ಅದೇ ಕಂಠೀರವ ನರಸರಾಜರು 1659ರಲ್ಲಿ ನೇರ ವಾರಸುದಾರರಿಲ್ಲದೆ ತೀರಿಕೊಂಡರೂ ಆ ನಷ್ಟವನ್ನು ಲೋಕವು ಅಲಮೇಲಮ್ಮನ ಲೆಕ್ಕಕ್ಕೆ ಸೇರಿಸಿತೇ ಹೊರತು ಪಿರಿಯಾಪಟ್ಟಣದ ಹೆಂಗಸರ ಲೆಕ್ಕಕ್ಕಲ್ಲ.

5. ಜಪಾನ್: ಗುಡಿಯಿಂದ ಬಾವಿಗೆ

ಗಂಡನ ಕೈಯಿಂದ ಮನೆಯೊಳಗೇ ಸತ್ತ ಹೆಣ್ಣಿನ ದೂರನ್ನು ಮತ್ತೆ ಮತ್ತೆ ಎತ್ತಿಕೊಂಡ ಪರಂಪರೆಯೊಂದು ಜಪಾನಿನಲ್ಲಿದೆ. ಈ ಕಾರಣದಿಂದಲೇ ಆ ದೂರದ ದೇಶದ ಚಿತ್ರಗಳು ನಮ್ಮ ಚರ್ಚೆಗೆ ಒದಗಿಬರುತ್ತವೆ. ಅನ್ಯಾಯಕ್ಕೊಳಗಾಗಿ ಸತ್ತು ಸೇಡಿಗಾಗಿ ಮರಳುವ ಆತ್ಮವನ್ನು ಜಪಾನೀಯರು ‘ಒನ್‌ರ್ಯೊ’ ಎನ್ನುತ್ತಾರೆ. ಇಂತಹ ಆತ್ಮಗಳನ್ನು ಶಾಂತಗೊಳಿಸಲು 863ರಲ್ಲಿಯೇ ರಾಜಧಾನಿ ಕ್ಯೋಟೋದಲ್ಲಿ ಸಾರ್ವಜನಿಕ ವಿಧಿ ನಡೆದಿತ್ತು. ಸುಗವಾರ ನೊ ಮಿಚಿಜಾನೆ ಎಂಬ ವಿದ್ವಾಂಸ ಮಂತ್ರಿಯನ್ನು ಪ್ರತಿಸ್ಪರ್ಧಿಗಳ ಪಿತೂರಿಯಿಂದ 901ರಲ್ಲಿ ಗಡೀಪಾರು ಮಾಡಲಾಯಿತು. 903ರಲ್ಲಿ ಅವನು ಅಲ್ಲಿಯೇ ತೀರಿಕೊಂಡನು. ಅನಂತರ ರಾಜಧಾನಿಯಲ್ಲಿ ಸಾವುಗಳು ಸಂಭವಿಸಿದವು. 930ರಲ್ಲಿ ಅರಮನೆಗೆ ಸಿಡಿಲು ಬಡಿಯಿತು. 947ರಲ್ಲಿ ಕಿತಾನೊ ಎಂಬಲ್ಲಿ ಅವನಿಗೆ ಗುಡಿ ಕಟ್ಟಲಾಯಿತು. ಇಂದು ಅವನು ವಿದ್ಯೆಯ ದೇವರು. ಪರೀಕ್ಷೆ ಬರೆಯುವ ಮಕ್ಕಳು ಅವನಿಗೆ ಹರಸಿಕೊಳ್ಳುತ್ತಾರೆ. ಅಲಮೇಲಮ್ಮನ ಪ್ರತಿಮೆಯ ಹಿಂದಿರುವ ತರ್ಕವೇ ಇಲ್ಲಿಯೂ ಕೆಲಸ ಮಾಡಿದೆ. ಎರಡು ದೇಶಗಳಲ್ಲಿಯೂ ಅಧಿಕಾರವು ತಾನು ಮಾಡಿದ ಅನ್ಯಾಯವನ್ನು ನ್ಯಾಯಾಲಯದಲ್ಲಿ ಒಪ್ಪಿಕೊಳ್ಳಲಿಲ್ಲ, ಗುಡಿಯಲ್ಲಿ ಒಪ್ಪಿಕೊಂಡಿತು.

ಮಿಚಿಜಾನೆಯದು ಆಸ್ಥಾನದ ಅಳಲು. ಅದು ಸಾಮಾನ್ಯರ ಮನೆಯೊಳಗೆ ಬಂದದ್ದು ಎಡೊ ಕಾಲದ ಕಬುಕಿ ರಂಗಭೂಮಿಯಲ್ಲಿ. ನಾಲ್ಕನೆಯ ತ್ಸುರುಯ ನಂಬೊಕುವಿನ ‘ತೊಕಾಯ್ದೊ ಯೊತ್ಸುಯ ಕಾಯ್ದಾನ್’ ನಾಟಕವು 1825ರಲ್ಲಿ ಮೊದಲ ಬಾರಿಗೆ ಪ್ರಯೋಗಗೊಂಡಿತು. ಅದರಲ್ಲಿ ಓಇವಾ ಎಂಬಾಕೆಗೆ ವಿಷವಿಕ್ಕಿ ಅವಳ ಮುಖವನ್ನು ವಿಕಾರಗೊಳಿಸುತ್ತಾರೆ. ಅವಳನ್ನು ತೊರೆದು ಬೇರೊಂದು ಮದುವೆಗೆ ಸಿದ್ಧನಾದ ಗಂಡನನ್ನು ಅವಳು ಸತ್ತ ಮೇಲೂ ಬಿಡುವುದಿಲ್ಲ. ಈ ನಾಟಕವನ್ನು ಆಡುವ ಮುನ್ನ ಕಲಾವಿದರು ಓಇವಾಳ ಗುಡಿಗೆ ಹೋಗಿ ನಮಸ್ಕರಿಸುವ ರೂಢಿ ಇಂದಿಗೂ ಇದೆ. ತಟ್ಟೆಗಳನ್ನು ಎಣಿಸುತ್ತ ಬಾವಿಯಿಂದ ಮೇಲೇಳುವ ಸೇವಕಿ ಓಕಿಕುವಿನ ಕಥೆಯೂ ಇದೇ ಕಾಲದ ರಂಗದ ಮೇಲೆ ಪ್ರಸಿದ್ಧವಾಯಿತು.

ಜಪಾನಿನ ಚಲನಚಿತ್ರವು ಈ ಪರಂಪರೆಯನ್ನು ಮೊದಲಿಗೆ ಗೌರವದಿಂದಲೇ ಮುಂದುವರಿಸಿತು. ಕೆಂಜಿ ಮಿಜೊಗುಚಿಯ ‘ಉಗೆತ್ಸು’ (1953) ಚಿತ್ರದಲ್ಲಿ ಯುದ್ಧಕಾಲದಲ್ಲಿ ಮನೆ ಬಿಟ್ಟುಹೋದ ಕುಂಬಾರನು ಮರಳಿದಾಗ ಹೆಂಡತಿ ಒಲೆ ಹೊತ್ತಿಸಿ ಕಾದಿರುತ್ತಾಳೆ. ಬೆಳಗಾದಾಗ ಅವಳು ಸತ್ತು ಎಷ್ಟೋ ದಿನವಾಗಿದೆಯೆಂಬುದು ತಿಳಿಯುತ್ತದೆ. ಮಸಾಕಿ ಕೊಬಯಾಶಿಯ ‘ಕ್ವಾಯ್ದಾನ್’ (1964) ಚಿತ್ರದ ಒಂದು ಕಥೆಯಲ್ಲಿ ಪದವಿಯಾಸೆಗೆ ಹೆಂಡತಿಯನ್ನು ತೊರೆದವನು ಪಾಳುಬಿದ್ದ ಮನೆಯಲ್ಲಿ ಅವಳ ಕರಿಗೂದಲನ್ನು ಎದುರಿಸಬೇಕಾಗುತ್ತದೆ. ಈ ಚಿತ್ರಗಳಲ್ಲಿ ದೆವ್ವಕ್ಕೆ ಕಾರಣವಿದೆ, ಗುರಿಯಿದೆ. ತಪ್ಪು ಮಾಡಿದವನ ಮುಂದೆಯೇ ಅದು ನಿಲ್ಲುತ್ತದೆ.

1998ರ ಹೊತ್ತಿಗೆ ಇದು ಬದಲಾಯಿತು. ಕೊಜಿ ಸುಜುಕಿಯ 1991ರ ಕಾದಂಬರಿಯನ್ನು ಆಧರಿಸಿ ಹಿದೆಯೊ ನಕಾತಾ ನಿರ್ದೇಶಿಸಿದ ‘ರಿಂಗು’ ಚಿತ್ರದಲ್ಲಿ ಸದಾಕೊ ಎಂಬ ಹುಡುಗಿಯನ್ನು ಬಾವಿಗೆ ತಳ್ಳಿ ಕೊಂದಿರುತ್ತಾರೆ. ಅವಳ ತಾಯಿಯ ಪಾತ್ರದ ಹಿಂದೆ ನಿಜವಾದ ವ್ಯಕ್ತಿಯೊಬ್ಬರ ನೆರಳಿದೆ. 1910ರಲ್ಲಿ ತೊಮೊಕಿಚಿ ಫುಕುರಾಯ್ ಎಂಬ ಮನೋವಿಜ್ಞಾನಿಯ ಪ್ರಯೋಗಗಳಿಗೆ ಒಳಗಾಗಿ, ಅಪಹಾಸ್ಯಕ್ಕೆ ಗುರಿಯಾಗಿ, 1911ರಲ್ಲಿ ಪ್ರಾಣ ಕಳೆದುಕೊಂಡ ಚಿಜುಕೊ ಮಿಫುನೆ ಆ ವ್ಯಕ್ತಿ. ಚಿತ್ರದಲ್ಲಿ ಸದಾಕೊಳ ಶಾಪವು ವಿಡಿಯೋ ಕ್ಯಾಸೆಟ್ಟೊಂದರಲ್ಲಿ ಸೇರಿಕೊಂಡಿದೆ. ನೋಡಿದವರು 7 ದಿನಗಳಲ್ಲಿ ಸಾಯುತ್ತಾರೆ. ಪತ್ರಕರ್ತೆ ನಾಯಕಿಯು ಬಾವಿಯನ್ನು ಪತ್ತೆಮಾಡಿ, ಅದಕ್ಕಿಳಿದು ಅವಳ ಅಸ್ಥಿಯನ್ನು ಎತ್ತಿ ಎದೆಗೊತ್ತಿಕೊಳ್ಳುತ್ತಾಳೆ. ಹಳೆಯ ಪರಂಪರೆಯ ಪ್ರಕಾರ ಕಥೆ ಇಲ್ಲಿಗೆ ಮುಗಿಯಬೇಕು: ಅಸ್ಥಿ ಸಿಕ್ಕಿತು, ದೂರು ಕೇಳಿಸಿತು, ನೆಲೆ ದೊರೆಯಿತು. ಆದರೆ ಮುಗಿಯುವುದಿಲ್ಲ. ಅವಳ ಜೊತೆಗಿದ್ದವನು ಮರುದಿನವೇ ಸಾಯುತ್ತಾನೆ. ಬದುಕುಳಿಯಲು ಇರುವ ದಾರಿಯೊಂದೇ, ಕ್ಯಾಸೆಟ್ಟನ್ನು ಪ್ರತಿ ಮಾಡಿ ಇನ್ನೊಬ್ಬರಿಗೆ ತೋರಿಸುವುದು. ಅಳಲನ್ನು ಇಳಿಸುವ ವಿಧಿ ಇಲ್ಲವಾಗಿ ಅದನ್ನು ದಾಟಿಸುವ ಯಂತ್ರ ಮಾತ್ರ ಉಳಿದಿದೆ.

ತಕಾಶಿ ಶಿಮಿಜುವಿನ ‘ಜು-ಓನ್’ ಸರಣಿಯಲ್ಲಿ (ವಿಡಿಯೋ ರೂಪದಲ್ಲಿ 2000, ಚಿತ್ರಮಂದಿರದ ರೂಪದಲ್ಲಿ 2002) ಮನೆಯೇ ಶಾಪ. ಸಂಶಯಪಿಶಾಚಿಯಾದ ಗಂಡನು ಕಯಾಕೊ ಎಂಬ ಹೆಂಡತಿಯನ್ನು ಮನೆಯಲ್ಲೇ ಕೊಲ್ಲುತ್ತಾನೆ. ಮಗ ತೊಶಿಯೊ ಕೂಡ ಸಾಯುತ್ತಾನೆ. ಆಮೇಲೆ ಆ ಮನೆಯ ಹೊಸ್ತಿಲು ದಾಟಿದ ಯಾರನ್ನೂ ಅವಳು ಬಿಡುವುದಿಲ್ಲ. ಮನೆ ಕೊಂಡವರು, ಮುದುಕಿಯನ್ನು ನೋಡಿಕೊಳ್ಳಲು ಬಂದ ಸಮಾಜಸೇವಕಿ, ತನಿಖೆಗೆ ಬಂದ ಪೊಲೀಸರು ಯಾರಿಗೂ ವಿನಾಯಿತಿ ಇಲ್ಲ. ತಪ್ಪು ಮಾಡಿದವನು ಎಂದೋ ಸತ್ತಿದ್ದಾನೆ, ಆದರೆ ಕೋಪ ಮುಗಿದಿಲ್ಲ. ಈ ಚಿತ್ರವನ್ನು ನೋಡುವಾಗ ಪಿರಿಯಾಪಟ್ಟಣದ ಕೋಟೆಯೊಳಗಿನ ಆ ಅರ್ಧ ವಾಕ್ಯ ನೆನಪಾಗದಿರಲಾರದು. ನಮ್ಮ ಚರಿತ್ರೆ ಮೌನಗೊಳಿಸಿದ್ದನ್ನು ಈ ಚಿತ್ರ ಕಿರುಚಿಸುತ್ತದೆ. ಆದರೆ ಕಿರುಚಿಸಿ ಸುಮ್ಮನಾಗುತ್ತದೆ. ಕಯಾಕೊಳಿಗೆ ಒಂದು ಎಡೆಯನ್ನೂ ಇಡುವುದಿಲ್ಲ. ಗುಡಿ ಕಟ್ಟುವ ಊರು, ಸೀರೆ ಇಡುವ ಬಳಗ, ಹೆಸರು ಹೇಳಿ ಕರೆಯುವ ಹಿರಿಯರು ಯಾರೂ ಇಲ್ಲದ ನಗರದ ಭಯ ಇದು. ನಕಾತಾನ ‘ಡಾರ್ಕ್ ವಾಟರ್’ (2002) ಚಿತ್ರದಲ್ಲಿ ವಸತಿ ಸಮುಚ್ಚಯದ ನೀರಿನ ತೊಟ್ಟಿಯಲ್ಲಿ ಸತ್ತ ಮಗುವನ್ನು ನೆರೆಹೊರೆಯವರಾರೂ ಹುಡುಕಿರಲಿಲ್ಲವೆಂಬುದೇ ದೆವ್ವಕ್ಕಿಂತ ಹೆಚ್ಚು ಭಯಾನಕವಾದುದು.

6. ‘ನಾಳೆ ಬಾ’ ಮತ್ತು ಕನ್ನಡ ಚಿತ್ರಗಳು

ನಮ್ಮಲ್ಲಿ ಇದೇ ನಗರೀಕರಣದ ಘಟ್ಟದಲ್ಲಿ ಹುಟ್ಟಿದ ಕಥೆ ‘ನಾಳೆ ಬಾ’. 1990ರ ದಶಕದಲ್ಲಿ ಬೆಂಗಳೂರು ಮತ್ತು ದಕ್ಷಿಣ ಕರ್ನಾಟಕದ ಅನೇಕ ಕಡೆ ಮನೆಯ ಬಾಗಿಲ ಮೇಲೆ ಈ ಎರಡು ಪದಗಳನ್ನು ಬರೆಯಲಾಗುತ್ತಿತ್ತು. ರಾತ್ರಿ ಬಂಧುಗಳ ದನಿಯಲ್ಲಿ ಕರೆಯುವ ಹೆಣ್ಣುದೆವ್ವವು ಬರಹವನ್ನು ಓದಿ ಹಿಂತಿರುಗುತ್ತದೆ, ಮರುದಿನ ಮತ್ತೆ ಬಂದು ಮತ್ತೆ ಓದುತ್ತದೆ ಎಂಬುದು ನಂಬಿಕೆ. ಈ ಕಥೆಯೇ 2018ರ ಹಿಂದಿ ಚಿತ್ರ ‘ಸ್ತ್ರೀ’ಗೂ ಪ್ರೇರಣೆಯಾಯಿತು. ಅಂಗಡಿಯಲ್ಲಿ ಸಾಲ ಕೇಳುವವರಿಗೆ ತೂಗುಹಾಕುವ ಫಲಕದ ಧಾಟಿಯೇ ಇಲ್ಲಿಯೂ ಇದೆ. ದೆವ್ವಕ್ಕೆ ನಾವು ಏನನ್ನೋ ಕೊಡಬೇಕಾಗಿದೆ ಎಂಬುದನ್ನು ಈ ಬರಹ ನಿರಾಕರಿಸುವುದಿಲ್ಲ, ಮುಂದೂಡುತ್ತದೆ. ಹಳ್ಳಿಯ ಎಡೆಗೂ ‘ಜು-ಓನ್’ ಮನೆಗೂ ನಡುವಣ ಸ್ಥಿತಿಯಿದು. ದೆವ್ವವನ್ನು ಒಳಗೆ ಕರೆಯುವ ಧೈರ್ಯವಿಲ್ಲ, ಅದರ ಹಕ್ಕನ್ನು ಅಲ್ಲಗಳೆಯುವ ಧೈರ್ಯವೂ ಇಲ್ಲ.

ಕನ್ನಡ ಚಲನಚಿತ್ರವು ಬೇರೊಂದು ದಾರಿ ಹಿಡಿಯಿತು. ಅನಂತನಾಗ್ ಮತ್ತು ಲಕ್ಷ್ಮಿ ಅಭಿನಯದ ‘ನಾ ನಿನ್ನ ಬಿಡಲಾರೆ’ (1979) ಚಿತ್ರದಲ್ಲಿ ಹೆಣ್ಣುದೆವ್ವದ ಕಾಟಕ್ಕೆ ಮಂತ್ರಾಲಯದಲ್ಲಿ ಪರಿಹಾರ ದೊರೆಯುತ್ತದೆ. ದೆವ್ವದ ಅಳಲಿಗಿಂತ ಭಕ್ತಿಯ ಬಲವೇ ಅಲ್ಲಿ ಮುಖ್ಯ. ಮಲಯಾಳದ ‘ಮಣಿಚಿತ್ರತಾಳ್’ (1993) ಚಿತ್ರವನ್ನು ಆಧರಿಸಿ ಪಿ. ವಾಸು ನಿರ್ದೇಶಿಸಿದ ‘ಆಪ್ತಮಿತ್ರ’ (2004) ಇದಕ್ಕಿಂತ ಸಂಕೀರ್ಣವಾದುದು. ಹಳೆಯ ಅರಮನೆಯಲ್ಲಿ ಬೀಗ ಹಾಕಿದ ಕೋಣೆ, ದೊರೆಯಿಂದ ಕೊಲೆಯಾದ ನರ್ತಕಿ ನಾಗವಲ್ಲಿ, ಅವಳೇ ತಾನೆಂದು ನಂಬಿದ ಗಂಗಾ. ಮನೋವೈದ್ಯನು ಇದನ್ನು ಕಾಯಿಲೆಯೆಂದು ಗುರುತಿಸುತ್ತಾನೆ. ಆದರೆ ಅವನು ಕೊಡುವ ಚಿಕಿತ್ಸೆ ವಿಧಿಯ ರೂಪದ್ದು: ನಾಗವಲ್ಲಿಯ ಸೇಡನ್ನು ದೊರೆಯ ಬದಲಿಗೆ ಬೊಂಬೆಯೊಂದರ ಮೇಲೆ ತೀರಿಸಿಕೊಳ್ಳಲು ಅವನು ಅವಕಾಶ ಮಾಡಿಕೊಡುತ್ತಾನೆ. ದೂರು ಸುಳ್ಳೆಂದು ಅವನು ಹೇಳುವುದಿಲ್ಲ. ರಂಗದ ಮೇಲೆ ಅದಕ್ಕೆ ನ್ಯಾಯ ಕೊಡಿಸುತ್ತಾನೆ. ಮಾರಿಹಬ್ಬದ ಕೋಣನ ತರ್ಕವೇ ಇಲ್ಲಿ ಬೊಂಬೆಯಾಗಿ ಬಂದಿದೆ. ಚಿತ್ರವು ಕನ್ನಡ ಪ್ರೇಕ್ಷಕರಿಗೆ ಅಷ್ಟು ಆಪ್ತವಾದುದಕ್ಕೆ ತಾರೆಯರ ಆಕರ್ಷಣೆಯೊಡನೆ ಈ ಪರಿಚಿತ ತರ್ಕವೂ ಕಾರಣವಿರಬೇಕು.

7. ಸಮಾರೋಪ

ಈವರೆಗಿನ ವಿವೇಚನೆಯಿಂದ ನೆಲೆ ಕೊಡುವ ನಮ್ಮ ಪರಂಪರೆಯೇ ಶ್ರೇಷ್ಠ, ಜಪಾನಿನ ಚಿತ್ರಗಳು ಅದನ್ನು ಕೆಡಿಸಿದವು ಎಂಬ ತೀರ್ಮಾನಕ್ಕೆ ಬರುವುದು ಸರಿಯಲ್ಲ. ದೇವತೆಯಾಗಿಸುವ ಕ್ರಿಯೆಗೆ ಎರಡು ಮುಖಗಳಿವೆ. ಅದು ಸತ್ತವಳನ್ನು ನೆನೆಯುತ್ತದೆ, ಕೊಂದವನನ್ನು ಮರೆಸುತ್ತದೆ. ಮಾಸ್ತಿಕಲ್ಲಿಗೆ ಕುಂಕುಮವಿಡುವ ಊರು ಅವಳು ಏಕೆ ಸಾಯಬೇಕಾಯಿತೆಂದು ಕೇಳುವುದಿಲ್ಲ. ಅಲಮೇಲಮ್ಮನಿಗೆ ಪೂಜೆ ಸಂದಿತು, ಆದರೆ ಪೂಜೆಯು ನ್ಯಾಯದ ಸ್ಥಾನವನ್ನು ತುಂಬಲಾರದು. ಬದುಕಿರುವ ಹೆಣ್ಣಿನ ಮೈಮೇಲೆ ದೆವ್ವ ಬಂದಿದೆಯೆಂದು ಹೊಡೆದು ಬಡಿದು ಹಿಂಸಿಸುವ ಕ್ರೌರ್ಯವೂ ಇದೇ ಪರಂಪರೆಯ ನೆರಳಿನಲ್ಲಿ ನಡೆದುಬಂದಿದೆ. ಅದನ್ನು ಅಪರಾಧವೆಂದು ಪರಿಗಣಿಸುವ, ಅಮಾನವೀಯ ಅನಿಷ್ಟ ಪದ್ಧತಿಗಳನ್ನು ತಡೆಯುವ ಕಾಯಿದೆಯು ಕರ್ನಾಟಕದಲ್ಲಿ 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದುದು ಸ್ವಾಗತಾರ್ಹ. ಸತ್ತವಳ ದೂರನ್ನು ಕೇಳುವ ಹೆಸರಿನಲ್ಲಿ ಬದುಕಿರುವವಳ ದೂರನ್ನು ಅಡಗಿಸುವಂತಾಗಬಾರದು. ಮೈಮೇಲೆ ಬಂದಾಗ ಮಾತ್ರ ಗಂಡನ ಮನೆಯವರನ್ನು ಹೆಸರು ಹಿಡಿದು ಬಯ್ಯಲು ಸಾಧ್ಯವಾಗುವ ಸೊಸೆಯ ಮಾತನ್ನು ದೆವ್ವದ ಮಾತೆಂದು ಬರೆದುಕೊಂಡು ಮುಂದೆ ಹೋಗುವ ಸಂಗ್ರಹಕಾರನೂ ಈ ಅಡಗಿಸುವಿಕೆಯಲ್ಲಿ ಪಾಲುದಾರನೇ.

ಜಪಾನಿನ ಈ ಚಿತ್ರಗಳು ನಮಗೆ ಉಪಯುಕ್ತವಾಗುವುದು ಇಲ್ಲಿಯೇ. ಪೂಜೆಯಿಂದ ಎಲ್ಲವೂ ಶಮನವಾಗುತ್ತದೆಂಬ ಸಮಾಧಾನವನ್ನು ಅವು ಕಸಿದುಕೊಳ್ಳುತ್ತವೆ. ಅಸ್ಥಿಯನ್ನು ಎತ್ತಿದರೂ ಸದಾಕೊ ಶಾಂತಳಾಗದಿರುವುದು, ಕೆಲವು ಅನ್ಯಾಯಗಳಿಗೆ ಎಡೆ ಸಾಲದು ಎಂಬುದರ ಸೂಚನೆ. ನಮ್ಮ ಪರಂಪರೆ ಅವಕ್ಕೆ ಕೊಡಬಲ್ಲ ಉತ್ತರವೂ ಇದೆ: ದೂರನ್ನು ದಾಟಿಸಿ ತಾನು ಪಾರಾಗುವುದಲ್ಲ, ಕೂರಿಸಿ ಕೇಳುವುದು.

ಆದ್ದರಿಂದ ಕ್ಷೇತ್ರಕಾರ್ಯದಲ್ಲಿ ತೊಡಗುವವರು ಕಾಡುವ ಮನೆಯ ಕಥೆಯೊಂದು ಸಿಕ್ಕಿದಾಗ ಅದನ್ನು ನಂಬಿಕೆಯ ಪಟ್ಟಿಗೆ ಸೇರಿಸುವ ಮೊದಲು ಕೆಲವು ವಿವರಗಳನ್ನು ಗುರುತಿಸಿಕೊಳ್ಳುವುದು ಅಗತ್ಯ. ಸತ್ತವರಾರು, ಯಾರ ಕೈಯಿಂದ, ಆಸ್ತಿ ಯಾರಿಗೆ ಹೋಯಿತು, ಎಡೆ ಇಡುವವರು ಯಾರು, ಯಾವ ವರ್ಷದಿಂದ ಇಡುವುದು ನಿಂತಿತು. ಬದುಕಿರುವ ಕುಟುಂಬಗಳ ಗುರುತನ್ನು ಕಾಪಾಡಿಕೊಂಡೇ ಈ ಕೆಲಸ ಮಾಡಬಹುದು. ಹೀಗೆ ನೋಡಿದಾಗ ದೆವ್ವದ ಕಥೆಗಳು ಶಾಸನ, ಕೈಫಿಯತ್ತು, ವಂಶಾವಳಿಗಳ ಸಾಲಿನಲ್ಲಿ ನಿಲ್ಲಬಲ್ಲ ಆಕರಗಳಾಗುತ್ತವೆ. ದೇಕಬ್ಬೆಗೆ ಕಲ್ಲಿದೆ, ಅಲಮೇಲಮ್ಮನಿಗೆ ಪ್ರತಿಮೆಯಿದೆ, ವೀರರಾಜನಿಗೆ ಹಾಡಿದೆ. ಪಿರಿಯಾಪಟ್ಟಣದ ಕೋಟೆಯಲ್ಲಿ 1644ರಲ್ಲಿ ಸತ್ತ ಹೆಂಗಸರು ಮತ್ತು ಮಕ್ಕಳಿಗೆ ಉಳಿದಿರುವುದು ಒಂದು ಅರ್ಧ ವಾಕ್ಯ. ಆ ವಾಕ್ಯವನ್ನು ಪೂರ್ಣಗೊಳಿಸಲು ಇಂದು ನಮ್ಮಿಂದ ಸಾಧ್ಯವಾಗದೇ ಹೋಗಬಹುದು. ಅದು ಅರ್ಧವೇ ಉಳಿದಿದೆ ಎಂಬುದನ್ನಾದರೂ ದಾಖಲಿಸುವುದು ಈ ಸೀಮೆಯ ಜಾನಪದ ಅಧ್ಯಯನದ ಕರ್ತವ್ಯವಾಗಿದೆ.